ಜ್ಯೂರಿ ಸಮನ್ಸ್ ಬಂದಾಗ ಪಾರಾಗುವ ದಾರಿ ಹುಡುಕುವ ನಮ್ಮವರಿಗೆ: ಕ್ಯಾಲಿಫೋರ್ನಿಯಾದ ಕನ್ನಡ ಕೂಟಗಳಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಕ್ಯಾಲಿಫೋರ್ನಿಯಾದ ಕನ್ನಡ ಕೂಟಗಳ ಅಧ್ಯಕ್ಷರು, ಪದಾಧಿಕಾರಿಗಳು ಮತ್ತು ಸದಸ್ಯರು

ವಿಷಯ: ಜ್ಯೂರಿ ಕರೆಯನ್ನು ತಪ್ಪಿಸಿಕೊಳ್ಳುವ ನಮ್ಮ ರೂಢಿಯನ್ನು ಕುರಿತು

ಮಾನ್ಯರೆ,

ಅಮೆರಿಕದ ಪೌರತ್ವ ಪಡೆದ ಕನ್ನಡಿಗರ ಮನೆಗೆ ನ್ಯಾಯಾಲಯದಿಂದ ಜ್ಯೂರಿ ಸಮನ್ಸ್, ಅಂದರೆ ಮೊಕದ್ದಮೆ ಕೇಳಿ ತೀರ್ಪು ಕೊಡುವ ಸಾಮಾನ್ಯ ಪೌರರ ತಂಡದಲ್ಲಿ ಕೂರಲು ಬನ್ನಿ ಎಂಬ ಕರೆ, ಬಂದಾಗ ನಮ್ಮಲ್ಲಿ ನಡೆಯುವ ಮಾತುಕತೆಯನ್ನು ಹಲವು ವರ್ಷಗಳಿಂದ ಕೇಳುತ್ತಾ ಬಂದು, ಇನ್ನು ಸುಮ್ಮನಿರುವುದು ಸರಿಯಲ್ಲ ಎನಿಸಿ ಈ ಪತ್ರ ಬರೆಯುತ್ತಿದ್ದೇನೆ. ಹಬ್ಬದ ಊಟದ ಪಂಕ್ತಿಯಲ್ಲಿ, ಮಕ್ಕಳ ಕನ್ನಡ ತರಗತಿ ಮುಗಿಯಲೆಂದು ಹೊರಗೆ ಕಾಯುವ ಹೊತ್ತಿನಲ್ಲಿ, ಎಲ್ಲಕ್ಕಿಂತ ಹೆಚ್ಚಾಗಿ ನಮ್ಮ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ, "ಸಮನ್ಸ್ ಬಂದಿದೆ, ಏನು ಮಾಡುವುದು?" ಎಂದು ಯಾರಾದರೂ ಕೇಳಿದರೆ "ಹೋಗಿ ಬನ್ನಿ" ಎಂಬ ಉತ್ತರ ಬರುವುದು ಅಪರೂಪ. ಬರುವುದೆಲ್ಲ ಪಾರಾಗುವ ಉಪಾಯಗಳೇ. ಇಂಗ್ಲಿಷ್ ಸರಿಯಾಗಿ ಬರುವುದಿಲ್ಲ ಎಂದು ಅರ್ಜಿಯಲ್ಲಿ ಗುರುತು ಹಾಕಿಬಿಡಿ ಎನ್ನುವವರು ಒಬ್ಬರು; ಇನ್ನೊಬ್ಬರ ತಪ್ಪುಒಪ್ಪು ಹೇಳುವುದಕ್ಕೆ ನಮ್ಮ ಧರ್ಮದಲ್ಲಿ ಅವಕಾಶವಿಲ್ಲ ಎಂದು ನ್ಯಾಯಾಧೀಶರ ಮುಂದೆ ಹೇಳಿ ಎನ್ನುವವರು ಮತ್ತೊಬ್ಬರು; ಪೊಲೀಸರು ಹೇಳಿದ್ದೆಲ್ಲ ನಿಜವೆಂದು ನಂಬುತ್ತೇನೆ ಎಂದುಬಿಟ್ಟರೆ ಆರೋಪಿಯ ವಕೀಲರೇ ನಿಮ್ಮನ್ನು ಮನೆಗೆ ಕಳಿಸುತ್ತಾರೆ ಎಂದು ಕಲಿಸುವವರೂ ಇದ್ದಾರೆ. ಕಾಗದ ರಿಜಿಸ್ಟರ್ಡ್ ಅಂಚೆಯಲ್ಲಿ ಬಂದಿಲ್ಲ, ಹರಿದು ಹಾಕಿದರೆ ಯಾರಿಗೆ ಗೊತ್ತಾಗುತ್ತದೆ ಎಂದು ಸಲಹೆ ಕೊಟ್ಟವರೊಬ್ಬರು ತಮ್ಮ ಕಂಪನಿಯಲ್ಲಿ ನೂರಾರು ಜನರ ಮುಂದೆ ಇಂಗ್ಲಿಷಿನಲ್ಲಿ ನಿರರ್ಗಳವಾಗಿ ಮಾತನಾಡುವವರು. ಕಳೆದ ಯುಗಾದಿ ಕಾರ್ಯಕ್ರಮದಲ್ಲಿ ಇಂಥದ್ದೊಂದು ಸಾಹಸದ ಕಥೆಗೆ ನಮ್ಮ ಮೇಜಿನವರೆಲ್ಲ ನಕ್ಕು ಶಹಭಾಸ್ ಎಂದದ್ದನ್ನು ನಾನು ಕಣ್ಣಾರೆ ಕಂಡೆ.

ನಾನು ದಾವಣಗೆರೆ ಜಿಲ್ಲೆಯ ಹಳ್ಳಿಯೊಂದರಿಂದ ಬಂದವಳು. ಸಣ್ಣ ಕಂಪನಿಯೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಪೌರತ್ವ ಪಡೆದ ಮೇಲೆ ನನಗೆ ಈ ಕರೆ ಹಲವು ಸಲ ಬಂದಿದೆ. ಒಮ್ಮೆ ನನ್ನ ಗುಂಪಿನ ಸಂಖ್ಯೆಯನ್ನು ಕರೆಯಲೇ ಇಲ್ಲ. ಹಿಂದಿನ ಸಂಜೆ ನ್ಯಾಯಾಲಯದ ಜಾಲತಾಣ ನೋಡಿದಾಗ ಬರುವ ಅಗತ್ಯವಿಲ್ಲ ಎಂದಿತ್ತು, ಅಲ್ಲಿಗೆ ಆ ವರ್ಷದ ಕರ್ತವ್ಯ ಮುಗಿಯಿತು. ಇನ್ನೊಮ್ಮೆ ಕಾಯುವ ಕೋಣೆಯಲ್ಲಿ ದಿನವಿಡೀ ಕೂತು ಸಂಜೆ ಮನೆಗೆ ಮರಳಿದೆ. ಮತ್ತೊಮ್ಮೆ ಪ್ರಶ್ನೆಗಳಿಗೆಲ್ಲ ಉತ್ತರಿಸಿದ ಮೇಲೆ ವಕೀಲರೊಬ್ಬರು ಕಾರಣ ಹೇಳದೆಯೇ ನನ್ನನ್ನು ಕೈಬಿಟ್ಟರು. ಕೊನೆಗೊಮ್ಮೆ ಆಯ್ಕೆಯಾಗಿ, ಒಬ್ಬ ಹೆಂಗಸಿನ ಮೇಲಿನ ಕಳ್ಳತನದ ಮೊಕದ್ದಮೆಯನ್ನು ಮೊದಲಿನಿಂದ ಕಡೆಯವರೆಗೆ ಕೇಳಿ ತೀರ್ಪು ಕೊಟ್ಟ ಹನ್ನೆರಡು ಜನರಲ್ಲಿ ಒಬ್ಬಳಾದೆ. ನಾನು ಮುಂದೆ ಹೇಳುವುದೆಲ್ಲ ಈ ಅನುಭವದ ಮೇಲೆ ನಿಂತಿದೆ.

ನಮ್ಮವರಲ್ಲಿ ಹಲವರು ಈ ಕರೆಯನ್ನು ಗ್ರಹಚಾರವೆಂಬಂತೆ ಕಾಣುವುದರಿಂದ ಹೆಸರು ಎಲ್ಲಿಂದ ಬರುತ್ತದೆ ಎಂಬುದನ್ನು ಮೊದಲು ಹೇಳಬೇಕು. ಈ ರಾಜ್ಯದಲ್ಲಿ ಮತದಾರರ ಪಟ್ಟಿಯಿಂದಲೂ ಡ್ರೈವಿಂಗ್ ಲೈಸೆನ್ಸ್ ಮತ್ತು ಗುರುತಿನ ಚೀಟಿ ಕೊಡುವ ಇಲಾಖೆಯ ಪಟ್ಟಿಯಿಂದಲೂ ಹೆಸರುಗಳನ್ನು ಯಾದೃಚ್ಛಿಕವಾಗಿ ಎತ್ತುತ್ತಾರೆ. 2022ರಿಂದ ರಾಜ್ಯದ ಆದಾಯ ತೆರಿಗೆ ಸಲ್ಲಿಸುವವರ ಪಟ್ಟಿಯೂ ಇದಕ್ಕೆ ಸೇರಿದೆ. ಹೀಗಾಗಿ ಮತದಾರರಾಗಿ ನೋಂದಾಯಿಸಿಕೊಳ್ಳದಿದ್ದರೆ ಜ್ಯೂರಿ ಕಾಟ ತಪ್ಪುತ್ತದೆ ಎಂದು ನಂಬಿ ಮತದಾನದ ಹಕ್ಕನ್ನೇ ಬಿಟ್ಟು ಕೂತಿರುವವರು ಎರಡು ಕಡೆಯಿಂದಲೂ ನಷ್ಟ ಮಾಡಿಕೊಂಡಿದ್ದಾರೆ. ಲೈಸೆನ್ಸ್ ಪಟ್ಟಿಯಲ್ಲಿ ಹಸಿರು ಕಾರ್ಡಿನವರೂ ಎಚ್-1ಬಿ ವೀಸಾದವರೂ ಇರುವುದರಿಂದ ಪೌರರಲ್ಲದವರಿಗೂ ಸಮನ್ಸ್ ಬರುವುದುಂಟು. ಅಂಥವರು ಹೆದರಬೇಕಾಗಿಲ್ಲ, ಕಾಗದವನ್ನು ಕಸಕ್ಕೂ ಹಾಕಬಾರದು. ಪೌರರಲ್ಲ ಎಂದು ತಿಳಿಸುವ ಜಾಗದಲ್ಲಿ ನಿಜವನ್ನು ಬರೆದು ಹಿಂದಿರುಗಿಸಿದರೆ ಸಾಕು. ಗೊತ್ತಿಲ್ಲದೆ ಪೌರರೆಂದು ಗುರುತು ಹಾಕಿ ಜ್ಯೂರಿಯಲ್ಲಿ ಕೂರಲು ಹೋದರೆ ಮಾತ್ರ ಮುಂದಿನ ವಲಸೆ ಅರ್ಜಿಗೇ ಕುತ್ತು ಬರಬಹುದು.

ಪೌರರಾದವರ ವಿಷಯ ಬೇರೆ. ನಾವು ಪೌರತ್ವದ ಸಂದರ್ಶನಕ್ಕೆ ಉರು ಹೊಡೆದ ನೂರು ಪ್ರಶ್ನೆಗಳಲ್ಲಿ, ಅಮೆರಿಕದ ಪೌರರಿಗೆ ಮಾತ್ರ ಇರುವ ಒಂದು ಜವಾಬ್ದಾರಿ ಯಾವುದು ಎಂಬುದೂ ಒಂದಾಗಿತ್ತು. ಒಪ್ಪಿತ ಉತ್ತರಗಳು ಎರಡೇ: ಜ್ಯೂರಿಯಲ್ಲಿ ಸೇವೆ ಸಲ್ಲಿಸುವುದು, ಇಲ್ಲವೇ ಫೆಡರಲ್ ಚುನಾವಣೆಯಲ್ಲಿ ಮತ ಹಾಕುವುದು. ಅದೇ ಸಂದರ್ಶನದಲ್ಲಿ ನಾವು ಇಂಗ್ಲಿಷ್ ಓದಿ, ಬರೆದು, ಮಾತನಾಡಿ ತೇರ್ಗಡೆಯಾಗಿದ್ದೇವೆ. ವಯಸ್ಸು ಮತ್ತು ವಾಸದ ಅವಧಿಯ ಆಧಾರದಲ್ಲಿ ಇಂಗ್ಲಿಷ್ ಪರೀಕ್ಷೆಯಿಂದ ವಿನಾಯಿತಿ ಪಡೆದ ನಮ್ಮ ಹಿರಿಯರು ತಮಗೆ ಇಂಗ್ಲಿಷ್ ಸಾಲದು ಎಂದರೆ ಅದು ಸತ್ಯ, ಕಾನೂನೂ ಅವರಿಗೆ ವಿನಾಯಿತಿ ಕೊಡುತ್ತದೆ. ಆದರೆ ಸರ್ಕಾರದ ಒಂದು ಕಚೇರಿಯಲ್ಲಿ ಇಂಗ್ಲಿಷ್ ಬರುತ್ತದೆ ಎಂದು ಸಾಬೀತುಪಡಿಸಿ, ಇನ್ನೊಂದು ಕಚೇರಿಗೆ ಬರುವುದಿಲ್ಲ ಎಂದು ಬರೆದುಕೊಡುವವರು, ಆ ಅರ್ಜಿಯ ಕೆಳಗೆ ಸುಳ್ಳು ಹೇಳಿದರೆ ಶಿಕ್ಷೆಗೆ ಒಳಗಾಗುತ್ತೇನೆ ಎಂಬ ಒಕ್ಕಣೆಗೆ ಸಹಿ ಹಾಕುತ್ತಿದ್ದಾರೆ ಎಂಬುದನ್ನು ಓದಿಯೂ ಇರುವುದಿಲ್ಲ.

ಇನ್ನು ಆ ಮೊಕದ್ದಮೆಯ ಮಾತು. ವಿಚಾರಣೆ ಮುಗಿದ ಮೇಲೆ ಮಾತನಾಡಲು ಜ್ಯೂರಿ ಸದಸ್ಯರಿಗೆ ಸ್ವಾತಂತ್ರ್ಯವಿದೆಯಾದರೂ ಸಂಬಂಧಪಟ್ಟವರ ಗುರುತು ಸಿಗದಂತೆ ಹೇಳುತ್ತೇನೆ. ಆರೋಪಿ ನಮ್ಮ ದೇಶದವಳಲ್ಲ. ಬೇರೊಂದು ದೇಶದಿಂದ ಬಂದು ವಯಸ್ಸಾದವರೊಬ್ಬರ ಮನೆಯಲ್ಲಿ ಆರೈಕೆಯ ಕೆಲಸ ಮಾಡುತ್ತಿದ್ದವಳು. ಆ ಮನೆಯ ಅಜ್ಜಿಯ ಬ್ಯಾಂಕ್ ಕಾರ್ಡನ್ನು ತನ್ನ ಸ್ವಂತಕ್ಕೆ ಬಳಸಿದಳೆಂಬುದು ಒಂದು ಆರೋಪ, ಬೀರುವಿನಲ್ಲಿದ್ದ ಕೈಬಳೆ ಕದ್ದಳೆಂಬುದು ಇನ್ನೊಂದು. ಜ್ಯೂರಿ ಆಯ್ಕೆಯೇ ಸಾಕಷ್ಟು ಹೊತ್ತು ಹಿಡಿಯಿತು. ನ್ಯಾಯಾಲಯದಲ್ಲಿ ನಮಗೆ ಹೆಸರಿಲ್ಲ, ಸಂಖ್ಯೆ ಮಾತ್ರ. ನ್ಯಾಯಾಧೀಶರು, ಆಮೇಲೆ ಎರಡೂ ಕಡೆಯ ವಕೀಲರು ಒಬ್ಬೊಬ್ಬರನ್ನೂ ಕೇಳುತ್ತಾ ಹೋದರು: ನಿಮ್ಮ ಮನೆಯಲ್ಲಿ ಕಳ್ಳತನವಾಗಿದೆಯೆ, ಮನೆಗೆಲಸಕ್ಕೆ ಜನ ಇಟ್ಟುಕೊಂಡಿದ್ದೀರಾ, ಪೊಲೀಸರ ಸಾಕ್ಷ್ಯವನ್ನು ಬೇರೆಯವರ ಸಾಕ್ಷ್ಯದಷ್ಟೇ ತೂಗಿ ನೋಡಬಲ್ಲಿರಾ. ನಮ್ಮ ಜನರೆಂದು ಹೆಸರಿನಿಂದ ಊಹಿಸಬಹುದಾದ ಒಬ್ಬರು ತಮಗೆ ಕೆಲಸದಲ್ಲಿ ಪ್ರಾಜೆಕ್ಟ್ ಗಡುವು ಇದೆ ಎಂದರು. ನ್ಯಾಯಾಧೀಶರು ತಾಳ್ಮೆಯಿಂದಲೇ, ಈ ಕೋಣೆಯಲ್ಲಿ ಕೆಲಸವಿಲ್ಲದೆ ಬಂದವರು ಯಾರೂ ಇಲ್ಲ ಎಂದರು. ಗಡುವಿನ ಮಾತೆತ್ತಿದ್ದವರು ಮರುಕ್ಷಣವೇ ಆರೋಪಿಯನ್ನು ನೋಡಿದರೆ ತಪ್ಪಿತಸ್ಥಳೆಂದೇ ಅನಿಸುತ್ತದೆ ಎಂದು ಹೇಳಿ ಪಾರಾದರು. ಅದು ಅವರ ಮನಸ್ಸಿನ ಮಾತೋ ಉಪಾಯವೋ ನನಗೆ ತಿಳಿಯದು. ಪಕ್ಕದಲ್ಲಿ ದುಭಾಷಿಯನ್ನು ಕೂರಿಸಿಕೊಂಡು ಪ್ರತಿಯೊಂದು ಮಾತನ್ನೂ ಕೇಳಿಸಿಕೊಳ್ಳುತ್ತಿದ್ದ ಆ ಹೆಂಗಸಿಗೆ ಈ ಮಾತೂ ತಲುಪಿತು. ತಪ್ಪಿಸಿಕೊಳ್ಳುವ ಉಪಾಯಗಳನ್ನು ಹಂಚುವವರು ಅದರ ಬೆಲೆಯನ್ನು ಎದುರಿಗೆ ಕೂತವರು ತೆರುತ್ತಾರೆಂಬುದನ್ನು ಒಮ್ಮೆ ಯೋಚಿಸಬೇಕು.

ನನ್ನ ಜೊತೆ ಆಯ್ಕೆಯಾದ ಉಳಿದ ಹನ್ನೊಂದು ಜನರಲ್ಲಿ ನಿವೃತ್ತ ಬಸ್ ಚಾಲಕರೊಬ್ಬರು, ರಾತ್ರಿ ಪಾಳಿ ಮುಗಿಸಿದ್ದ ನರ್ಸ್ ಒಬ್ಬರು, ಹಾರ್ಡ್‌ವೇರ್ ಅಂಗಡಿಯಲ್ಲಿ ಗಂಟೆಯ ಕೂಲಿಗೆ ದುಡಿಯುವ ಯುವಕ, ಕಾಲೇಜು ಹುಡುಗಿ ಹೀಗೆ ಎಲ್ಲ ಬಗೆಯವರೂ ಇದ್ದರು. ನಾವು ಹುಟ್ಟಿ ಬೆಳೆದ ಊರುಗಳ ಪಂಚಾಯಿತಿ ಕಟ್ಟೆಯನ್ನು ನಮ್ಮವರು ಭಾಷಣಗಳಲ್ಲಿ ಹೊಗಳುವುದನ್ನು ಕೇಳಿದ್ದೇನೆ. ನನ್ನ ಊರಿನ ಕಟ್ಟೆಯ ಮೇಲೆ ಹೆಂಗಸರು ಕೂತದ್ದನ್ನು ನಾನು ಕಂಡಿಲ್ಲ, ಕೇರಿಯವರು ಕೆಳಗೆ ನಿಂತೇ ಇರುತ್ತಿದ್ದರು. ಆ ಕೋಣೆಯಲ್ಲಿ ಅಂಗಡಿಯ ಹುಡುಗನ ಒಂದು ಮತಕ್ಕೂ ನನ್ನ ಒಂದು ಮತಕ್ಕೂ ಒಂದೇ ತೂಕವಿತ್ತು. ಕ್ರಿಮಿನಲ್ ಮೊಕದ್ದಮೆಯಲ್ಲಿ ಹನ್ನೆರಡೂ ಜನ ಒಮ್ಮತಕ್ಕೆ ಬರಲೇಬೇಕಾದ್ದರಿಂದ ಯಾರನ್ನೂ ಬದಿಗೆ ಸರಿಸಿ ಮುಂದೆ ಹೋಗುವಂತಿರಲಿಲ್ಲ.

ಕಾರ್ಡಿನ ಆರೋಪಕ್ಕೆ ಅಂಗಡಿಗಳ ಕ್ಯಾಮೆರಾ ದೃಶ್ಯ ಮತ್ತು ರಸೀದಿಗಳಿದ್ದವು. ಅದರಲ್ಲಿ ನಮಗೆ ಹೆಚ್ಚು ಚರ್ಚೆ ಬೇಕಾಗಲಿಲ್ಲ. ಬಳೆಯ ವಿಷಯ ಹಾಗಿರಲಿಲ್ಲ. ಬಳೆ ಸಿಕ್ಕಿರಲಿಲ್ಲ. ಅಭಿಯೋಜಕರು ನೆಚ್ಚಿಕೊಂಡಿದ್ದು ಪೊಲೀಸ್ ಅಧಿಕಾರಿಯ ಎದೆಗೆ ಕಟ್ಟಿದ್ದ ಕ್ಯಾಮೆರಾದ ವಿಡಿಯೋವನ್ನು. ಅಧಿಕಾರಿ ದುಭಾಷಿಯಿಲ್ಲದೆ ವೇಗದ ಇಂಗ್ಲಿಷಿನಲ್ಲಿ, ಬಳೆ ನೀನೇ ತೆಗೆದೆಯಲ್ಲವೆ ಎಂದು ಕೇಳಿದಾಗ ಆಕೆ ತಲೆ ತಗ್ಗಿಸಿ "ಯೆಸ್ ಸರ್, ಯೆಸ್ ಸರ್" ಎಂದಿದ್ದಳು. ನಮ್ಮಲ್ಲಿ ಹೆಚ್ಚಿನವರು ಇದನ್ನು ತಪ್ಪೊಪ್ಪಿಗೆ ಎಂದೇ ತೆಗೆದುಕೊಂಡರು. ಕಣ್ಣಲ್ಲಿ ಕಣ್ಣಿಟ್ಟು ನೋಡದಿರುವುದೇ ಅಪರಾಧದ ಗುರುತು ಎಂದರು ಒಬ್ಬರು. ಹಿರಿಯರೋ ಅಧಿಕಾರಿಗಳೋ ಮಾತನಾಡುವಾಗ ತಲೆ ತಗ್ಗಿಸಿ ಹ್ಞೂಂಗುಟ್ಟುವುದು ನಾನು ಬೆಳೆದ ಕಡೆ ಮರ್ಯಾದೆಯ ಲಕ್ಷಣ, ಹೇಳಿದ್ದನ್ನು ಒಪ್ಪಿದೆ ಎಂದು ಅದರ ಅರ್ಥವಲ್ಲ ಎಂದು ನಾನು ಹೇಳಿದೆ. ಆದರೆ ಜ್ಯೂರಿ ಸದಸ್ಯರ ಅನುಭವವೇ ಸಾಕ್ಷ್ಯವಾಗುವಂತಿಲ್ಲ, ಆಕೆ ನನ್ನ ನಾಡಿನವಳೂ ಅಲ್ಲ. ಆದ್ದರಿಂದ ವಿಡಿಯೋವನ್ನು ಮತ್ತೆ ನೋಡೋಣ ಎಂದು ಕೇಳಿಕೊಂಡೆ. ಮತ್ತೆ ನೋಡಿದಾಗ, ಅದೇ ಅಧಿಕಾರಿ ಸ್ವಲ್ಪ ಹೊತ್ತಿನ ಮೇಲೆ, ಹಾಗಾದರೆ ನೀನು ತೆಗೆದಿಲ್ಲ ಎನ್ನುತ್ತೀಯಾ ಎಂದು ಕೇಳಿದ್ದಕ್ಕೂ ಆಕೆ "ಯೆಸ್ ಸರ್" ಎಂದೇ ಉತ್ತರಿಸಿದ್ದು ಎಲ್ಲರ ಕಿವಿಗೂ ಬಿತ್ತು. ಮೊದಲ ಸಲ ನಾವೆಲ್ಲ ಅದನ್ನು ಕೇಳಿಯೇ ಇದ್ದೆವು, ಗಮನಿಸಿರಲಿಲ್ಲ. ಆಮೇಲೂ ವಾದ ಒಮ್ಮೆಲೇ ಮುಗಿಯಲಿಲ್ಲ. ನ್ಯಾಯಾಧೀಶರ ಸೂಚನೆಗಳ ಪ್ರಕಾರ ಆರೋಪ ನಿಜವೆಂಬ ಗಟ್ಟಿಯಾದ, ಅಲುಗದ ನಂಬಿಕೆ ನಮ್ಮಲ್ಲಿ ಹುಟ್ಟಬೇಕಿತ್ತು, ಅದು ಹುಟ್ಟಲಿಲ್ಲ. ಕಾರ್ಡಿನ ಆರೋಪದಲ್ಲಿ ಆಕೆ ತಪ್ಪಿತಸ್ಥಳೆಂದೂ ಬಳೆಯ ಆರೋಪದಲ್ಲಿ ಅಲ್ಲವೆಂದೂ ತೀರ್ಪು ಕೊಟ್ಟೆವು.

ಇದನ್ನು ನನ್ನ ಹೆಚ್ಚುಗಾರಿಕೆಗಾಗಿ ಬರೆಯುತ್ತಿಲ್ಲ. ಆ ನರ್ಸ್ ಎತ್ತಿದ ಪ್ರಶ್ನೆಗಳು, ಔಷಧಿಯ ವೇಳಾಪಟ್ಟಿಯಿಂದ ಆಕೆ ಲೆಕ್ಕ ಹಾಕಿದ ಸಮಯ, ನನ್ನ ಮಾತಿಗಿಂತ ಹೆಚ್ಚು ಕೆಲಸ ಮಾಡಿದವು. ಬೇರೆ ಬೇರೆ ಬದುಕುಗಳಿಂದ ಬಂದವರು ಕೂತಾಗ ಒಬ್ಬರಿಗೆ ಕಾಣದ್ದು ಇನ್ನೊಬ್ಬರಿಗೆ ಕಾಣುತ್ತದೆ ಎಂಬ ನಂಬಿಕೆಯ ಮೇಲೆಯೇ ಈ ಪದ್ಧತಿ ನಿಂತಿದೆ. ನಮ್ಮಂಥ ವಲಸಿಗರು ಬುದ್ಧಿವಂತಿಕೆಯಿಂದ ಹೊರಗುಳಿದರೆ, ನಾಳೆ ನಮ್ಮದೇ ತಂದೆತಾಯಿ ಅಪಘಾತದ ಮೊಕದ್ದಮೆಯೊಂದರಲ್ಲಿ ತಲೆ ಅಲ್ಲಾಡಿಸಿ ಉತ್ತರ ಕೊಟ್ಟಾಗ, ಅದು ಹೌದೋ ಅಲ್ಲವೋ ಎಂದು ಹೇಳಬಲ್ಲ ಒಬ್ಬರೂ ಆ ಹನ್ನೆರಡು ಕುರ್ಚಿಗಳಲ್ಲಿ ಇರುವುದಿಲ್ಲ.

ಹೇಗಿದ್ದರೂ ನಮ್ಮಂಥವರನ್ನು ವಕೀಲರು ತೆಗೆದುಹಾಕುತ್ತಾರೆ, ಹೋಗಿ ಏನು ಪ್ರಯೋಜನ ಎಂಬ ಮಾತನ್ನೂ ಕೇಳಿದ್ದೇನೆ. ನನ್ನನ್ನು ಒಮ್ಮೆ ಕೈಬಿಟ್ಟಾಗ ನನಗೂ ಹಾಗೆಯೇ ಅನಿಸಿದ್ದುಂಟು. ಕಾರಣ ಹೇಳದೆ ನಿಗದಿತ ಸಂಖ್ಯೆಯ ಜನರನ್ನು ಕೈಬಿಡುವ ಅಧಿಕಾರ ಎರಡೂ ಪಕ್ಷಗಳಿಗಿದೆ. ಆದರೆ ಜನಾಂಗದ ಕಾರಣಕ್ಕೆ ಅದನ್ನು ಬಳಸುವಂತಿಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1986ರಲ್ಲಿ ಬ್ಯಾಟ್ಸನ್ ಮೊಕದ್ದಮೆಯಲ್ಲಿ ಹೇಳಿತು. ಕ್ಯಾಲಿಫೋರ್ನಿಯಾ ಇನ್ನೂ ಮುಂದೆ ಹೋಗಿ 2020ರಲ್ಲಿ ಮಾಡಿದ, ಕ್ರಿಮಿನಲ್ ಮೊಕದ್ದಮೆಗಳಿಗೆ 2022ರಿಂದ ಅನ್ವಯವಾದ ಕಾನೂನಿನಲ್ಲಿ, ಇಂಗ್ಲಿಷ್ ಮಾತೃಭಾಷೆಯಲ್ಲ ಎಂಬುದು, ಇನ್ನೊಂದು ಭಾಷೆ ಬರುತ್ತದೆ ಎಂಬುದು, ಉಡುಗೆ ತೊಡುಗೆ ಇಂಥವು ಒಬ್ಬರನ್ನು ಕೈಬಿಡಲು ಮೇಲ್ನೋಟಕ್ಕೇ ಒಪ್ಪಲಾಗದ ಕಾರಣಗಳೆಂದು ಪಟ್ಟಿ ಮಾಡಿದೆ. ನಮ್ಮನ್ನು ಒಳಗೆ ಸೇರಿಸಲೆಂದು ಕಾನೂನು ಇಷ್ಟು ಬಾಗಿಲು ತೆರೆದಿರುವಾಗ, ಭಾಷೆಯ ನೆಪ ಹೇಳಿ ನಾವೇ ಹೊರಗೆ ನಡೆಯುತ್ತಿದ್ದೇವೆ.

ಆ ಬಾಗಿಲು ಸದಾ ತೆರೆದಿರಲಿಲ್ಲ ಎಂಬುದನ್ನು ನಮ್ಮ ಮಕ್ಕಳಿಗಾದರೂ ಹೇಳಬೇಕು. ಇದೇ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ 1854ರಲ್ಲಿ, ಬಿಳಿಯರ ವಿರುದ್ಧ ಚೀನೀಯರು ಸಾಕ್ಷಿ ಹೇಳುವಂತಿಲ್ಲ ಎಂದು ತೀರ್ಪು ಕೊಟ್ಟು, ಚೀನೀಯನೊಬ್ಬನ ಕೊಲೆಗೆ ಶಿಕ್ಷೆಯಾಗಿದ್ದವನನ್ನು ಬಿಡಿಸಿತು. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿ ದುಡಿದಿದ್ದ ಭಗತ್ ಸಿಂಗ್ ಥಿಂಡ್ ಎಂಬ ಪಂಜಾಬಿಗೆ, ಭಾರತೀಯರು ಬಿಳಿಯರಲ್ಲವಾದ್ದರಿಂದ ಪೌರತ್ವಕ್ಕೆ ಅರ್ಹರಲ್ಲ ಎಂದು 1923ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿತು. ಆ ತೀರ್ಪಿನ ಬೆನ್ನಿಗೇ ಅದಾಗಲೇ ಪೌರತ್ವ ಪಡೆದಿದ್ದ ಹಲವು ಭಾರತೀಯರಿಂದ ಅದನ್ನು ಕಿತ್ತುಕೊಳ್ಳಲಾಯಿತು. ಭಾರತೀಯರು ಪೌರರಾಗಲು ದಾರಿಯಾದದ್ದು 1946ರ ಲೂಸ್-ಸೆಲ್ಲರ್ ಕಾಯಿದೆಯಿಂದ. ಆ ಕಾಯಿದೆಗಾಗಿ ಹೋರಾಡಿದವರಲ್ಲಿ ಒಬ್ಬರಾದ, ಇಂಪೀರಿಯಲ್ ಕಣಿವೆಯ ರೈತ ದಲೀಪ್ ಸಿಂಗ್ ಸೌಂದ್ 1949ರಲ್ಲಿ ಪೌರರಾದರು. ಮರುವರ್ಷ ವೆಸ್ಟ್‌ಮೋರ್ಲೆಂಡ್ ಎಂಬ ಊರಿನ ಜನ ಅವರನ್ನು ಸ್ಥಳೀಯ ನ್ಯಾಯಾಧೀಶರನ್ನಾಗಿ ಆರಿಸಿದರೂ, ಪೌರರಾಗಿ ವರ್ಷ ತುಂಬಿರಲಿಲ್ಲವೆಂಬ ಕಾರಣಕ್ಕೆ ಆ ಸ್ಥಾನ ದಕ್ಕಲಿಲ್ಲ. 1952ರಲ್ಲಿ ಮತ್ತೆ ನಿಂತು ಗೆದ್ದು ಆ ಪೀಠದಲ್ಲಿ ಕೂತರು. 1956ರಲ್ಲಿ ಅಮೆರಿಕದ ಕಾಂಗ್ರೆಸ್ಸಿಗೆ ಆಯ್ಕೆಯಾದ ಮೊದಲ ಏಷ್ಯನ್ ಮೂಲದವರಾದರು. ಅವರು ಜಗಳಾಡಿ ಪಡೆದ ಕುರ್ಚಿಯನ್ನು ನಾವು ವಾಟ್ಸ್‌ಆ್ಯಪ್ ಸಲಹೆ ಕೇಳಿ ಬಿಟ್ಟುಕೊಡುತ್ತಿದ್ದೇವೆ.

ಭಾರತವೇ ಜ್ಯೂರಿಯನ್ನು ಬೇಡವೆಂದು ಬಿಟ್ಟಿತಲ್ಲ ಎಂದು ವಾದಿಸುವ ವಿದ್ಯಾವಂತರೂ ನಮ್ಮಲ್ಲಿದ್ದಾರೆ. ಅವರು ನೆನೆಯುವುದು ಕೊಲೆಯ ಆರೋಪ ಹೊತ್ತಿದ್ದ ನೌಕಾಧಿಕಾರಿ ನಾನಾವತಿಯ ಮೊಕದ್ದಮೆಯನ್ನು. 1959ರಲ್ಲಿ ಬೊಂಬಾಯಿಯ ಜ್ಯೂರಿ ಎಂಟು-ಒಂದರ ಬಹುಮತದಿಂದ ಆತ ತಪ್ಪಿತಸ್ಥನಲ್ಲ ಎಂದಿತು, ಸೆಷನ್ಸ್ ನ್ಯಾಯಾಧೀಶರು ಅದನ್ನು ಒಪ್ಪದೆ ಹೈಕೋರ್ಟಿಗೆ ಕಳಿಸಿದರು, ಹೈಕೋರ್ಟ್ ಕೊಟ್ಟ ಶಿಕ್ಷೆಯನ್ನು 1961ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಈ ಒಂದು ಮೊಕದ್ದಮೆಯಿಂದಲೇ ಭಾರತದಲ್ಲಿ ಜ್ಯೂರಿ ಹೋಯಿತೆಂಬುದು ಜನಜನಿತ ಕಥೆಯಾದರೂ, ಕಾನೂನು ಆಯೋಗ ತನ್ನ ಹದಿನಾಲ್ಕನೆಯ ವರದಿಯಲ್ಲಿ ಅದಕ್ಕೆ ಮೊದಲೇ, 1958ರಲ್ಲಿ, ಈ ಪದ್ಧತಿಯನ್ನು ಕೈಬಿಡಲು ಶಿಫಾರಸು ಮಾಡಿತ್ತು. 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಅದಕ್ಕೆ ಜಾಗವಿರಲಿಲ್ಲ. ಭಾರತದ ನಿರ್ಧಾರ ಸರಿಯೇ ಇರಬಹುದು. ಆದರೆ ನಾವು ಈಗ ಪೌರರಾಗಿರುವುದು ಈ ದೇಶದಲ್ಲಿ. ಇಲ್ಲಿ ಜ್ಯೂರಿಯ ಮುಂದೆ ವಿಚಾರಣೆ ಸಂವಿಧಾನ ಕೊಟ್ಟ ಹಕ್ಕು, ಅದನ್ನು ಪೂರೈಸಲು ಜನ ಬೇಕು. ನಮ್ಮ ಅಂಜಿಕೆಯ ಬೇರು ಎಲ್ಲಿದೆಯೆಂದು ನನಗೆ ಗೊತ್ತು. "ಗೆದ್ದವನು ಸೋತ, ಸೋತವನು ಸತ್ತ" ಎಂಬ ಗಾದೆ ಕೇಳುತ್ತಾ ಬೆಳೆದವರಿಗೆ, ಪಂಚನಾಮೆಗೆ ಸಹಿ ಹಾಕಿದ ತಪ್ಪಿಗೆ ವರ್ಷಗಟ್ಟಲೆ ವಾಯಿದೆಗೆ ಅಲೆದ ನೆಂಟರನ್ನು ಕಂಡವರಿಗೆ, ಕೋರ್ಟಿನ ಮುದ್ರೆಯಿರುವ ಯಾವ ಕಾಗದವೂ ಶುಭವಾಗಿ ಕಾಣದು. ಇಲ್ಲಿನ ಜ್ಯೂರಿ ಕರೆಗೆ ಅಂಥ ಬಾಲ ಇರುವುದಿಲ್ಲ. ಒಂದು ದಿನದೊಳಗೆ ಯಾವ ಮೊಕದ್ದಮೆಗೂ ಆರಿಸದಿದ್ದರೆ ಅಲ್ಲಿಗೇ ಮುಗಿಯಿತು. ಆರಿಸಿದರೆ ಆ ಒಂದು ಮೊಕದ್ದಮೆ ಮುಗಿಯುವವರೆಗೆ ಮಾತ್ರ. ಆಮೇಲೆ ಕನಿಷ್ಠ ಒಂದು ವರ್ಷ ಮತ್ತೆ ಕರೆಯುವಂತಿಲ್ಲ.

ನಿಜವಾದ ಕಷ್ಟ ಇರುವವರನ್ನು ಕುರಿತು ಈ ಪತ್ರ ಬರೆಯುತ್ತಿಲ್ಲ. ದಿನಾಂಕ ಮುಂದೂಡಿಸಿಕೊಳ್ಳುವುದು ಸುಲಭ. ಎದೆಹಾಲು ಕುಡಿಸುವ ತಾಯಂದಿರು ಒಂದು ವರ್ಷದವರೆಗೆ ಮುಂದೂಡಿಸಿಕೊಳ್ಳಬಹುದು. ಎಪ್ಪತ್ತು ತುಂಬಿದವರು ಅನಾರೋಗ್ಯದ ಕಾರಣಕ್ಕೆ ವಿನಾಯಿತಿ ಕೇಳಲು ವೈದ್ಯರ ಚೀಟಿಯನ್ನೂ ತರಬೇಕಿಲ್ಲ. ಮನೆಯಲ್ಲಿ ಆರೈಕೆಗೆ ಬೇರೆ ಯಾರೂ ಇಲ್ಲದವರ ಮಾತನ್ನೂ ನ್ಯಾಯಾಲಯ ಕೇಳುತ್ತದೆ. ದುಡ್ಡಿನ ಕಷ್ಟವಂತೂ ಸುಳ್ಳಲ್ಲ. ಈ ರಾಜ್ಯ ಜ್ಯೂರಿ ಸದಸ್ಯರಿಗೆ ಕೊಡುವುದು ದಿನಕ್ಕೆ 15 ಡಾಲರ್, ಅದೂ ಎರಡನೆಯ ದಿನದಿಂದ. ಫೆಡರಲ್ ನ್ಯಾಯಾಲಯ 50 ಡಾಲರ್ ಕೊಡುತ್ತದೆ. ಟೆಕ್ಸಸ್ 2023ರಲ್ಲಿ ಮೊದಲ ದಿನಕ್ಕೆ 20, ಆಮೇಲಿನ ದಿನಗಳಿಗೆ 58 ಡಾಲರಿಗೆ ಏರಿಸಿತು. ಕಡಿಮೆ ಆದಾಯದವರಿಗೆ ದಿನಕ್ಕೆ 100 ಡಾಲರ್ ಕೊಡುವ ಪ್ರಯೋಗವನ್ನು ಸ್ಯಾನ್ ಫ್ರಾನ್ಸಿಸ್ಕೋ 2022ರಲ್ಲಿ ಆರಂಭಿಸಿತು. ಜ್ಯೂರಿಗೆ ಹೋದವರನ್ನು ಕೆಲಸದಿಂದ ತೆಗೆಯುವುದನ್ನಾಗಲಿ ಶಿಕ್ಷಿಸುವುದನ್ನಾಗಲಿ ಕ್ಯಾಲಿಫೋರ್ನಿಯಾದ ಕಾನೂನು ನಿಷೇಧಿಸುತ್ತದೆ, ಆದರೆ ಆ ದಿನಗಳ ಸಂಬಳ ಕೊಡಲೇಬೇಕೆಂದು ಖಾಸಗಿ ಮಾಲೀಕರಿಗೆ ಹೇಳುವುದಿಲ್ಲ. ಹಾರ್ಡ್‌ವೇರ್ ಅಂಗಡಿಯ ಆ ಯುವಕ ಬಿಡುವಿನಲ್ಲಿ ಯಂತ್ರದಿಂದ ಕಾಫಿ ಕೂಡ ಕೊಳ್ಳದೆ ಮನೆಯಿಂದ ತಂದ ನೀರು ಕುಡಿಯುತ್ತಿದ್ದ. ಅವನು ಯಾವ ನೆಪವನ್ನೂ ಹೇಳಲಿಲ್ಲ. ಜ್ಯೂರಿಯ ದಿನಗಳಿಗೂ ಪೂರ್ತಿ ಸಂಬಳ ಕೊಡುವ ದೊಡ್ಡ ಕಂಪನಿಗಳಲ್ಲಿ ದುಡಿಯುವ ನಮ್ಮವರು ನೆಪ ಹೇಳಿ ಎದ್ದುಹೋದಾಗ, ಅವರು ಬಿಟ್ಟ ಕುರ್ಚಿಗೆ ಬರುವುದು ಸಾಮಾನ್ಯವಾಗಿ ಅವನಂಥವನೇ. ನನ್ನ ದೂರಿನ ತಿರುಳು ಇದೇ.

ಆದ್ದರಿಂದ ತಮ್ಮಲ್ಲಿ ಕೆಲವು ಬೇಡಿಕೆಗಳನ್ನು ಇಡುತ್ತಿದ್ದೇನೆ. ಕೂಟಗಳ ಹೆಸರಿನಲ್ಲಿ ನಡೆಯುವ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಜ್ಯೂರಿಯಿಂದ ಪಾರಾಗುವ ಸುಳ್ಳಿನ ಉಪಾಯಗಳನ್ನು ಹಂಚುವುದಕ್ಕೆ ನಿರ್ವಾಹಕರು ಅವಕಾಶ ಕೊಡಬಾರದು. ರಾಜಕೀಯ ಜಗಳಗಳನ್ನು ಅಳಿಸಿಹಾಕುವಷ್ಟೇ ಚುರುಕಿನಿಂದ ಇವನ್ನೂ ಅಳಿಸಬೇಕು. ರಾಜ್ಯೋತ್ಸವದ ದಿನ ಹೊಸದಾಗಿ ಪೌರರಾದವರನ್ನು ವೇದಿಕೆಗೆ ಕರೆದು ಹೂಗುಚ್ಛ ಕೊಡುವ ಪದ್ಧತಿ ಕೆಲವು ಕಡೆ ಇದೆ. ಆ ಹೂಗುಚ್ಛದ ಜೊತೆಗೆ, ವರ್ಷಕ್ಕೊಮ್ಮೆಯಾದರೂ, ನಮ್ಮಲ್ಲೇ ಇರುವ ವಕೀಲರಿಂದಲೋ ನಿವೃತ್ತ ನ್ಯಾಯಾಧೀಶರೊಬ್ಬರಿಂದಲೋ ಜ್ಯೂರಿ ಹೇಗೆ ನಡೆಯುತ್ತದೆಂಬ ವಿವರಣೆಯನ್ನು ಕನ್ನಡದಲ್ಲಿ ಏರ್ಪಡಿಸಬೇಕು. ಹಿರಿಯರಿಗಾಗಿ ಇನ್ನೊಂದು ಎಚ್ಚರಿಕೆಯನ್ನೂ ಅಲ್ಲಿ ಹೇಳಬೇಕು: ಜ್ಯೂರಿಗೆ ಬರಲಿಲ್ಲ, ದಂಡ ಕಟ್ಟದಿದ್ದರೆ ಬಂಧಿಸುತ್ತೇವೆ, ಗಿಫ್ಟ್ ಕಾರ್ಡ್ ಸಂಖ್ಯೆ ಕೊಡಿ ಎಂದು ಫೋನ್ ಮಾಡುವವರು ವಂಚಕರು. ನಿಜವಾದ ಸಮನ್ಸನ್ನು ಕಡೆಗಣಿಸಿದವರಿಗೆ ನ್ಯಾಯಾಲಯ 1500 ಡಾಲರ್‌ವರೆಗೆ ದಂಡ ಹಾಕಬಹುದಾದರೂ, ಅದು ಮೊದಲು ಅಂಚೆಯಲ್ಲಿ ನೋಟಿಸ್ ಕಳಿಸುತ್ತದೆ, ಫೋನಿನಲ್ಲಿ ದುಡ್ಡು ಕೇಳುವುದಿಲ್ಲ.

ಮ್ಯಾನೇಜರ್‌ಗಳಾಗಿರುವ ಕನ್ನಡಿಗರಲ್ಲಿ ನನ್ನ ಕೋರಿಕೆ ಬೇರೆ. ನಿಮ್ಮ ತಂಡದವರು ಸಮನ್ಸ್ ತೋರಿಸಿದಾಗ ಮುಖ ಸಿಂಡರಿಸಬೇಡಿ. "ಹೇಗಾದರೂ ಬಿಡಿಸಿಕೊಂಡು ಬಾ" ಎಂದು ಬಾಯಲ್ಲಿ ಹೇಳಿ, ಬರೆಯುವಾಗ ಮಾತ್ರ ನಿಯಮಬದ್ಧವಾಗಿ ಬರೆಯುವ ಜಾಣತನವನ್ನು ಬಿಡಿ. ಹೋಟೆಲು, ದಿನಸಿ ಅಂಗಡಿ, ಸಣ್ಣ ಸಾಫ್ಟ್‌ವೇರ್ ಸಂಸ್ಥೆ ನಡೆಸುವವರು ತಮ್ಮ ಕೆಲಸಗಾರರಿಗೆ ಜ್ಯೂರಿಯ ಮೊದಲ ಕೆಲವು ದಿನಗಳ ಕೂಲಿಯನ್ನಾದರೂ ಕೊಡಲು ಮುಂದಾಗಬೇಕು. ಪ್ರತಿಯೊಂದು ಸಮ್ಮೇಳನಕ್ಕೂ ಶಾಸಕರನ್ನು, ಮೇಯರ್‌ಗಳನ್ನು ಕರೆದು ಮೈಸೂರು ಪೇಟ ತೊಡಿಸುವ ನಮ್ಮ ಕೂಟಗಳು, ಮುಂದಿನ ಸಲ ಅವರು ಬಂದಾಗ 15 ಡಾಲರ್ ಭತ್ಯೆಯನ್ನು ರಾಜ್ಯದಾದ್ಯಂತ ಹೆಚ್ಚಿಸಬೇಕೆಂಬ ಮನವಿಯನ್ನು ಬರವಣಿಗೆಯಲ್ಲಿ ಅವರ ಕೈಗೆ ಕೊಡಲಿ. ಪೇಟ ತೊಡಿಸಿ ಫೋಟೋ ತೆಗೆಸಿಕೊಳ್ಳುವುದಕ್ಕಿಂತ ಅದು ಹೆಚ್ಚು ಹೊತ್ತು ಹಿಡಿಯದು.

ನಿವೃತ್ತರಾಗಿ ಸಮಯವಿರುವವರಿಗೆ ಮತ್ತೊಂದು ಅವಕಾಶವೂ ಇದೆ. ಪ್ರತಿ ಕೌಂಟಿಯಲ್ಲೂ, ಅಂದರೆ ಇಲ್ಲಿನ ಪ್ರತಿ ಜಿಲ್ಲೆಯಲ್ಲೂ, ಒಂದು ವರ್ಷದ ಅವಧಿಗೆ ನೇಮಕವಾಗುವ ಸಿವಿಲ್ ಗ್ರ್ಯಾಂಡ್ ಜ್ಯೂರಿ ಸ್ಥಳೀಯ ಸರ್ಕಾರಗಳ ಲೆಕ್ಕಪತ್ರ, ಕಾರ್ಯವೈಖರಿ, ಜೈಲುಗಳ ಸ್ಥಿತಿಗತಿಯನ್ನು ಪರಿಶೀಲಿಸಿ ವರದಿ ಕೊಡುತ್ತದೆ. ಅದಕ್ಕೆ ಆಸಕ್ತರಿಂದ ಅರ್ಜಿ ಕರೆಯುತ್ತಾರೆ. ಬ್ಯಾಂಕಿನಲ್ಲಿ, ಲೋಕೋಪಯೋಗಿ ಇಲಾಖೆಯಲ್ಲಿ, ಕಾಲೇಜುಗಳಲ್ಲಿ ಮೂವತ್ತು ವರ್ಷ ಕಡತ ನೋಡಿ ಬಂದು, ಇಲ್ಲಿ ಪೌರರಾಗಿ ಇಂಗ್ಲಿಷೂ ಚೆನ್ನಾಗಿ ಬಲ್ಲ ಎಷ್ಟೋ ಹಿರಿಯರು ನಮ್ಮ ಕೂಟಗಳಲ್ಲಿದ್ದಾರೆ. ಅವರಿಗೆ ಈ ಅರ್ಜಿಯ ವಿಷಯ ತಿಳಿಸಿದವರು ಯಾರೂ ಇಲ್ಲ.

ಈ ಪತ್ರವನ್ನು ತಮ್ಮ ಮುಂದಿನ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಓದಿ, ಕೈಗೊಂಡ ತೀರ್ಮಾನವನ್ನು ಸದಸ್ಯರಿಗೆ ಕೂಟದ ಸುದ್ದಿಪತ್ರದ ಮೂಲಕ ತಿಳಿಸಬೇಕೆಂದು ವಿನಂತಿಸುತ್ತೇನೆ. ನ್ಯಾಯಾಲಯದ ಭಾಷೆಯನ್ನು ತಿಳಿಗನ್ನಡದಲ್ಲಿ ವಿವರಿಸುವ ಕರಪತ್ರವೊಂದನ್ನು ಸಿದ್ಧಪಡಿಸುವುದಾದರೆ ಅದರ ಕರಡನ್ನು ಬರೆದುಕೊಡಲು ನಾನು ಸಿದ್ಧಳಿದ್ದೇನೆ. ಕಾನೂನಿನ ಅಂಶಗಳನ್ನು ತಿದ್ದಿಕೊಡಲು ಒಬ್ಬ ವಕೀಲರನ್ನು ಕೂಟವೇ ಗೊತ್ತುಮಾಡಿಕೊಡಬೇಕು.

ಇಂತಿ ತಮ್ಮ ವಿಶ್ವಾಸಿ,
ಕೂಟದ ಸದಸ್ಯೆ, ಕ್ಯಾಲಿಫೋರ್ನಿಯಾ